ಬಾಲ್ಕನಿ ಹುಲ್ಲಿಗೊಂದು ಹೇರ್‌ಕಟ್

ಯುಗಾದಿ ಹತ್ತಿರ ಬಂತು. ಬೆಂಗಳೂರಿನ ಬೀದಿಗಳಲ್ಲಿ ಹೊಂಗೆ ಚಿಗುರ್ತಿದೆ. ಬಾಲ್ಕನಿಯ ಫೌಂಟನ್ ಗ್ರಾಸ್ ಮಾತ್ರ ಹಳೇ ಪೊರಕೆ ಥರ ಕೂತಿದೆ. ಸತ್ತೇ ಹೋಯ್ತು ಅಂತ ಕುಂಡ ಖಾಲಿ ಮಾಡೋಕೆ ಹೊರಟಿದ್ದೀರಾ? ಸ್ವಲ್ಪ ತಾಳಿ. ಒಣಗಿದ ಗರಿ ಸರಿಸಿ ಬುಡ ನೋಡಿ. ಅಲ್ಲಿ ಗಟ್ಟಿಯಾಗಿ, ತುಸು ಹಸಿರು ಕಂಡರೆ ಗಿಡ ಬದುಕಿದೆ. ಅದಕ್ಕೆ ಬೇಕಿರೋದು ಒಂದು ಹೇರ್‌ಕಟ್ ಅಷ್ಟೇ.

ಹೊಸ ಚಿಗುರು ಎತ್ತರಕ್ಕೆ ಬರೋ ಮೊದಲೇ ಈ ಕೆಲಸ ಮುಗಿಸಿ. ತಡ ಮಾಡಿದರೆ ಹಳೇ ಗರಿಯ ಜೊತೆ ಎಳೇ ತುದಿಗಳೂ ತುಂಡಾಗುತ್ತವೆ. ಇಡೀ ಗಿಡವನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ, ಬುಡದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಿ. ಕಸ ಚೆಲ್ಲಾಡಲ್ಲ. ಮಜ್ಜಿಗೆ ಹುಲ್ಲಿಗೂ ಇದೇ ಕ್ರಮ. ಅದರ ಅಂಚು ಕೈ ಕುಯ್ಯುತ್ತೆ, ಗ್ಲೌಸ್ ಹಾಕ್ಕೊಳ್ಳಿ. ಹಸಿರು ಎಲೆಗಳನ್ನು ಕಷಾಯಕ್ಕೆ ಎತ್ತಿಡಿ.

ನಡುವೆ ಬೋಳಾಗಿ ಸುತ್ತಲೂ ಮಾತ್ರ ಚಿಗುರಿದರೆ ಗಿಡಕ್ಕೆ ವಯಸ್ಸಾಗಿದೆ ಅಂತ ಅರ್ಥ. ಬೇರು ಸಮೇತ ಎರಡು ಮೂರು ಪಾಲು ಮಾಡಿ ಬೇರೆ ಬೇರೆ ನೆಡಬಹುದು. ಆದರೆ ಈ ಬಿಸಿಲಲ್ಲಿ ಬೇಡ, ಮಳೆ ಶುರುವಾಗಲಿ. ಗೊಬ್ಬರ ಒಂದು ಹಿಡಿ ಸಾಕು. ಹೆಚ್ಚಾದರೆ ಗರಿಗಳು ನೆಟ್ಟಗೆ ನಿಲ್ಲದೆ ಬಾಗಿಬಿಡುತ್ತವೆ.

ಇನ್ನೊಂದು ಮುಖ್ಯ ಮಾತು. ಫೌಂಟನ್ ಗ್ರಾಸಿನ ತೆನೆಗಳನ್ನು ಪಕ್ಕದ ಖಾಲಿ ಸೈಟಿಗೆ ಎಸೀಬೇಡಿ. ಬೀಜ ಗಾಳಿಗೆ ಹಾರಿ ಹಬ್ಬುತ್ತೆ. ಅಲಂಕಾರಕ್ಕೆಂದು ಹವಾಯಿಗೆ ಹೋದ ಇದೇ ಹುಲ್ಲು ಅಲ್ಲಿ ಕಳೆಯಾಗಿ ಹರಡಿ, ಕಾಡ್ಗಿಚ್ಚಿಗೆ ಉರುವಲಾಗಿದೆ. ತೆನೆಗಳನ್ನು ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ. ಉಳಿದ ಒಣ ಗರಿಗಳನ್ನು ಸಣ್ಣಗೆ ಕತ್ತರಿಸಿ ಕುಂಡದ ಮಣ್ಣಿನ ಮೇಲೆ ಹರಡಿ. ಏಪ್ರಿಲ್ ಬಿಸಿಲಿಗೂ ತೇವ ಬೇಗ ಆರಲ್ಲ.