ಕೊಳಗ ಯಾರ ಕೈಯಲ್ಲಿದೆ?

ಅಂಬ್ಲಿಗೊಳದ ಕಡೆಯ ನಮ್ಮ ಕೇರಿಯ ಹುಡುಗಿಯೊಬ್ಬಳಿಗೆ ಒಂದು ಹಗಲುಗನಸು ಹಿಡಿದಿದೆ. ಓದಿ ಏನಾಗ್ತೀಯ ಅಂತ ಕೇಳಿದರೆ ಟೀಚರು, ನರ್ಸು, ಪೊಲೀಸು ಅನ್ನಲಿಲ್ಲ. 'ಪರ್ಸನಲ್ ಶಾಪರ್ ಆಗ್ತೀನಿ ಸಾರ್' ಅಂದಳು. ಶ್ರೀಮಂತರ ಪರವಾಗಿ ಗಾಜಿನ ಅಂಗಡಿಗಳಿಗೆ ಹೋಗಿ ಲಕ್ಷಗಟ್ಟಲೆ ಬೆಲೆಯ ಚೀಲ, ಚಪ್ಪಲಿ, ಗಡಿಯಾರ ಆರಿಸಿ ತರುವ ಕೆಲಸವಂತೆ. ತರಗತಿಯೆಲ್ಲ ನಕ್ಕಿತು. 'ಹಾಸಿಗೆ ಇದ್ದಷ್ಟು ಕಾಲು ಚಾಚಮ್ಮ' ಅಂದರು ಮೇಷ್ಟ್ರು.

ನಾವು ನಗುವುದಿಲ್ಲ. ಹಾಸಿಗೆಯನ್ನು ಗಿಡ್ಡ ಮಾಡಿದವರು ಯಾರು ಅಂತ ಮೊದಲು ಕೇಳುತ್ತೇವೆ.

ಅಂಗಡಿ ಅನ್ನುವುದು ನಮಗೆ ಬರೀ ಸಾಮಾನು ಸಿಗುವ ಜಾಗವಲ್ಲ. ನಮ್ಮ ಅಜ್ಜಿಯರು ಮೆಟ್ಟಿಲ ಕೆಳಗೆ ನಿಂತು ಕೂಗಿದವರು. ಕಾಸು ನೆಲದ ಮೇಲಿಡಬೇಕಿತ್ತು. ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಉಪ್ಪು, ಬೆಲ್ಲ ಮೇಲಿಂದ ಸೆರಗಿಗೆ ಬೀಳುತ್ತಿತ್ತು. ಆರಿಸುವ ಮಾತೆಲ್ಲಿ? 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ 'ಅಂಗಡಿ' ಎಂಬ ಮಾತು ಸುಮ್ಮನೆ ಬಂದು ಕೂತಿಲ್ಲ. ಅಸ್ಪೃಶ್ಯರೆಂದು ಸಾಮಾನು ಮಾರದಿರುವುದು ಅಪರಾಧ ಅಂತ 1955ರ ಕಾಯ್ದೆಯಲ್ಲಿ ಬರೆಯಬೇಕಾಯಿತು. ಅಂಥ ಅಂಗಡಿಯೊಳಗೆ ತಲೆಯೆತ್ತಿ ಹೋಗಿ 'ಇದು ಬೇಡ, ಅದು ಕೊಡಿ' ಅನ್ನುವ ಆಸೆ ಮೊಮ್ಮಗಳಿಗೆ ಬಂದರೆ ಅದು ಶೋಕಿಯಲ್ಲ, ಬಾಕಿ ಲೆಕ್ಕ.

'ಅರಸನ ಸಂಪತ್ತು ಬಿಟ್ಟು ನಡೆದ ಅಕ್ಕನ ಉಡುತಡಿ ಶಿಕಾರಿಪುರ ತಾಲೂಕಿನಲ್ಲೇ ಇದೆ, ಆಸೆ ಬಿಡಿ' ಅನ್ನುವವರಿದ್ದಾರೆ. ಸ್ವಾಮಿ, ಬಿಡುವುದಕ್ಕೆ ನಮ್ಮ ಹತ್ತಿರ ಏನಿತ್ತು?

ಆದರೆ ತಂಗೀ, ನಿನಗೂ ಒಂದು ಮಾತು. ದೊಡ್ಡವರ ಸಂತೆ ಚೀಲ ಹೊರುವುದು ನಮಗೆ ಹೊಸದಲ್ಲ. ಗೌಡರ ಸಾಮಾನನ್ನು ಬಿಟ್ಟಿಯಾಗಿ ತಲೆ ಮೇಲೆ ಹೊತ್ತು ತಂದವರು ನಾವೇ. ಈಗ ಆ ಕೆಲಸಕ್ಕೆ ಇಂಗ್ಲಿಷ್ ಹೆಸರು ಬಂದಿದೆ, ಸಂಬಳ ಬಂದಿದೆ. ಒಳ್ಳೆಯದೇ. ಚೀಲದೊಳಗಿನ ಮಾಲು ಮಾಡಿದವರು ಯಾರು, ಬೆಲೆ ಕಟ್ಟಿದವರು ಯಾರು, ಅದನ್ನೂ ನೋಡು.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಕೊಲ್ಹಾಪುರಿಯಂಥ ಚಪ್ಪಲಿ ಮೆರೆಸಿತು. ಯಾರ ಕಸುಬು ಅಂತ ಬಾಯಿ ಬಿಡಲಿಲ್ಲ. ಆ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಅದರಲ್ಲಿವೆ. ಅಥಣಿ, ನಿಪ್ಪಾಣಿ ಕಡೆ ಚರ್ಮ ಕೊಯ್ದು ಹೊಲಿದು, ಆ ಕಸುಬಿನ ಹೆಸರಲ್ಲೇ ಊರಾಚೆ ಉಳಿದವರು ನಮ್ಮ ಬಂಧುಗಳು. ಗಲಾಟೆ ಎದ್ದ ಮೇಲೆ ಕಂಪನಿ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮ ಮತ್ತು ನಮ್ಮ ಲಿಡ್ಕರ್ ಜೊತೆ ಕರಾರಾಯಿತು: 2,000 ಜೊತೆ, ಜೊತೆಗೆ ಸುಮಾರು 800 ಯೂರೊ. ಕೇರಿಯಲ್ಲಿದ್ದಾಗ ಮೈಲಿಗೆಯಾಗಿದ್ದ ಚರ್ಮ ಮಿಲಾನಿಗೆ ಹೋದರೆ ಐಷಾರಾಮ! ಅದರಲ್ಲಿ ಹೊಲಿದ ಕೈಗೆಷ್ಟು? ಆ ಕೈ ಕೇಳುವ ತನಕ ಯಾವ ಕರಾರೂ ಪೂರ್ತಿಯಲ್ಲ.

ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದದ್ದು ಇದಕ್ಕೇ. ಗೇಣಿ ಅಳೆಯುವ ಕೊಳಗ ಒಡೆಯರ ಕೈಯಲ್ಲಿತ್ತು, ಅಳತೆಯೂ ಅವರದೇ ಆಗಿತ್ತು. ಗಾಜಿನ ಅಂಗಡಿಗೂ ಅದೇ ಪ್ರಶ್ನೆ.

ಹೋಗು ತಂಗೀ, ಬಾಗಿಲು ತಳ್ಳು. ಒಳಗೆ ಬೆಲೆ ಚೀಟಿ ಓದುವಾಗ ಅಥಣಿಯ ಲೆಕ್ಕವನ್ನೂ ಕೇಳು. ಮೇಷ್ಟ್ರೇ, ನೀವು ಹಾಸಿಗೆಯ ಗಾದೆ ಬಿಟ್ಟು ಆ ಲೆಕ್ಕ ಕಲಿಸಿ. ಆರಿಸುವ ಹಕ್ಕೂ ನಮ್ಮದಾಗಲಿ, ಕೊಳಗವೂ ನಮ್ಮ ಕೈಗೆ ಬರಲಿ.