ಹಸಿವಿಲ್ಲದ ಊಟಕ್ಕೆ ಅಭಯವೇ ಮದ್ದು

ಸಂಸಾರಿ ಜೀವವನ್ನು ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳು ಕಾಡುತ್ತವೆ ಎನ್ನುತ್ತದೆ ಜೈನದರ್ಶನ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಆಹಾರಸಂಜ್ಞೆಯ ಕಾರಣಗಳನ್ನು ಎಣಿಸಿದ್ದಾರೆ: ಆಹಾರವನ್ನು ಕಾಣುವುದು, ಅದರಲ್ಲೇ ಮನಸ್ಸಿಡುವುದು, ಹೊಟ್ಟೆ ಬರಿದಾಗುವುದು ಮತ್ತು ಅಸಾತಾವೇದನೀಯ ಕರ್ಮದ ಉದೀರಣೆ. ಈ ನಾಲ್ಕರಲ್ಲಿ ಬರಿಹೊಟ್ಟೆ ಒಂದು ಮಾತ್ರ. ತಿನ್ನುವ ಬಯಕೆಗೆ ಹಸಿವೇ ಬೇಕೆಂದಿಲ್ಲ ಎಂಬುದನ್ನು ಆಚಾರ್ಯರು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು.

ಇಂದು ಈ ಮಾತು ಶಾಲಾಮಕ್ಕಳ ವಿಷಯದಲ್ಲಿ ಹೆಚ್ಚು ಪ್ರಸ್ತುತ. 2024ರ ಎಸ್ಸೆಸ್ಸೆಲ್ಸಿಯಲ್ಲೂ 2025ರ ದ್ವಿತೀಯ ಪಿಯುಸಿಯಲ್ಲೂ ಉಡುಪಿ ಜಿಲ್ಲೆ ರಾಜ್ಯಕ್ಕೆ ಪ್ರಥಮ. ಇದು ಹೆಮ್ಮೆಯೇ ಹೌದು. ಆದರೆ ಆ ಹೆಮ್ಮೆಯ ಭಾರ ಬೀಳುವುದು ಎಳೆಯ ಹೆಗಲಿನ ಮೇಲೆ. ಕಾಪುವಿನ ಕಡಲತಡಿಯ ಮನೆಯಲ್ಲಾಗಲಿ, ಮಣಿಪಾಲದ ವಸತಿ ಸಮುಚ್ಚಯದಲ್ಲಾಗಲಿ, ಪರೀಕ್ಷೆ ಸಮೀಪಿಸಿದಂತೆ ಪುಸ್ತಕದ ಪಕ್ಕಕ್ಕೆ ಚಿಪ್ಸ್ ಪೊಟ್ಟಣವೂ ಬಂದು ಕೂರುತ್ತದೆ. ಒತ್ತಡ ಬಹುಕಾಲ ಉಳಿದಾಗ ದೇಹದಲ್ಲಿ ಕಾರ್ಟಿಸಾಲ್ ಏರಿ, ಸಿಹಿ ಮತ್ತು ಕರಿದ ತಿನಿಸುಗಳತ್ತ ಮನಸ್ಸು ಎಳೆಯುತ್ತದೆ ಎಂದು ವೈದ್ಯಶಾಸ್ತ್ರವೂ ಹೇಳುತ್ತದೆ. ಆಹಾರಸಂಜ್ಞೆಯ ವೇಷದಲ್ಲಿ ಅಲ್ಲಿರುವುದು ಭಯಸಂಜ್ಞೆ.

ಆಗ ಹಿರಿಯರು ಮಗುವಿನ ನಾಲಗೆಯನ್ನು ದೂರುವುದು ಸಲ್ಲದು. ‘ಬಾಯಿಚಪಲ’ ಎಂದು ಜರೆದರೆ ಭಯದ ಜೊತೆಗೆ ನಾಚಿಕೆಯೂ ಸೇರಿ, ಮಗು ಬಚ್ಚಿಟ್ಟು ತಿನ್ನಲು ಕಲಿಯುತ್ತದೆ. ಉಪವಾಸ, ಊನೋದರಗಳನ್ನು ಶಿಕ್ಷೆಯಾಗಿ ಹೇರುವುದಂತೂ ಧರ್ಮವಲ್ಲ. ಅವು ಅರಿತವರು ಸ್ವ-ಇಚ್ಛೆಯಿಂದ ಕೈಗೊಳ್ಳುವ ಬಾಹ್ಯ ತಪಸ್ಸುಗಳು. ಬೆಳೆಯುವ ದೇಹಕ್ಕೆ ಹೊತ್ತಿಗೆ ಸರಿಯಾದ ಊಟ ಬೇಕೇ ಬೇಕು. ಸೂರ್ಯಾಸ್ತಕ್ಕೆ ಮುನ್ನ ಮನೆಮಂದಿಯೆಲ್ಲ ಕೂಡಿ ಉಣ್ಣುವ ಶ್ರಾವಕರ ಪದ್ಧತಿ ಇದಕ್ಕೆ ಒದಗಿಬರುವಂಥದು. ಅದಕ್ಕೆ ಸಂಜೆಯ ಟ್ಯೂಷನ್ ಅಡ್ಡಿಯಾಗುವುದಾದರೆ, ಬದಲಾಗಬೇಕಾದುದು ಟ್ಯೂಷನ್ನಿನ ವೇಳೆಯೇ ಹೊರತು ಊಟದ ವೇಳೆಯಲ್ಲ.

ಕಾರ್ಕಳದ ಬೆಟ್ಟದ ಮೇಲೆ 1432ರಿಂದ ಬಾಹುಬಲಿ ಸ್ವಾಮಿ ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಆ ಭಂಗಿಯ ಕಿರಿದಾದ ಅಭ್ಯಾಸವೊಂದು ಮಕ್ಕಳಿಗೂ ಸಾಧ್ಯ. ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರ, ಒಂದೊಂದಕ್ಕೆ ಮೂರು ಉಸಿರು; ಒಟ್ಟು 27 ಉಸಿರುಗಳ ನಿಶ್ಚಲತೆ. ಕೈ ತಿನಿಸಿನತ್ತ ಚಾಚುವ ಮುನ್ನ ಇಷ್ಟು ಬಿಡುವು ದೊರೆತರೆ, ‘ಇದು ಹಸಿವೋ, ಹೆದರಿಕೆಯೋ’ ಎಂದು ಮಗು ತನ್ನನ್ನೇ ಕೇಳಿಕೊಳ್ಳಬಲ್ಲದು. ಹಸಿವಾದರೆ ನೆಮ್ಮದಿಯಿಂದ ಉಣ್ಣಲಿ; ಹೆದರಿಕೆಯಾದರೆ ಹೇಳಿಕೊಳ್ಳಲು ಹತ್ತಿರ ಒಬ್ಬರಿರಲಿ. ಅದು ಮಿತಿಮೀರಿದೆ ಎನಿಸಿದಾಗ ವೈದ್ಯರನ್ನು ಕಾಣಲು ಸಂಕೋಚ ಬೇಡ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನ ಶ್ರಾವಕನ ಕರ್ತವ್ಯ. ಇಂದಿನ ತಂದೆತಾಯಂದಿರು ಮಕ್ಕಳಿಗೆ ಮೊದಲ ಮೂರನ್ನು ಕೊರತೆಯಿಲ್ಲದೆ ಕೊಡುತ್ತಿದ್ದಾರೆ: ತಟ್ಟೆ ತುಂಬ ಅನ್ನ, ಬೇಕಾದಾಗ ಮದ್ದು, ಬೇಕಾದುದಕ್ಕಿಂತ ಹೆಚ್ಚು ಪುಸ್ತಕ. ಉಳಿದಿರುವುದು ನಾಲ್ಕನೆಯದು. ‘ಅಂಕ ಎಷ್ಟೇ ಬರಲಿ, ನೀನು ನಮ್ಮ ಮಗುವೇ’ ಎಂಬ ಒಂದು ಮಾತು ಅಭಯದಾನವೇ ಸರಿ. ಭಯ ಕಳೆದ ಮನೆಯಲ್ಲಿ ಮಗುವಿನ ಹಸಿವು ತಾನಾಗಿ ತನ್ನ ಅಳತೆಗೆ ಮರಳುತ್ತದೆ.