ಒಂದು ಸಹಿಯ ಬೆಲೆ

ಕಡಬದ ರಬ್ಬರ್ ತೋಟದ ನಡುವೆ ಅಪ್ಪ ನನ್ನನ್ನು ಗಂಡುಮಗನಂತೆ ಬೆಳೆಸಿದರು. ಪುತ್ತೂರಿನ ಕಾಲೇಜಿಗೆ ಕಳಿಸಿದರು, ಬಿ.ಎಡ್. ಓದಿಸಿದರು. ಮದುವೆಯ ಹಿಂದಿನ ವಾರ, “ಇಲ್ಲೊಂದು ಸಹಿ ಹಾಕು ಮಗಳೇ” ಎಂದರು. ಜಾಗದಲ್ಲಿ ಪಾಲು ಬೇಡವೆಂಬ ಕಾಗದ. ಹಾಕಿದೆ. ತಾವು ಕೊಟ್ಟ ಧೈರ್ಯವನ್ನು ಅಂದು ಅಪ್ಪನೇ ಹಿಂದಕ್ಕೆ ಪಡೆದರು.

ಹಿರಿಯರು ಬಿಟ್ಟುಬಂದ ತಿರುವಾಂಕೂರಿನ 1916ರ ಕಾನೂನಿನಲ್ಲಿ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟೇ. ಮೇರಿ ರಾಯ್ ಹೋರಾಡಿ 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಉಯಿಲಿಲ್ಲದಿದ್ದರೆ 1925ರ ಕಾಯಿದೆಯಂತೆ ಮಕ್ಕಳಿಗೆಲ್ಲ ಸಮಪಾಲು. ಕಾನೂನು ಬದಲಾಯಿತು, ಅಪ್ಪಂದಿರು ಬದಲಾಗಲಿಲ್ಲ.

ವರದಕ್ಷಿಣೆ ಪಾಲಲ್ಲ, ಅಳಿಯನಿಗೆ ತೆತ್ತ ದಂಡ. ತಾಯಂದಿರೇ, ಮಗಳ ಧೈರ್ಯವನ್ನು ಹೊಗಳುವ ಗಂಡನನ್ನು ಒಮ್ಮೆ ಕೇಳಿ: ಉಯಿಲಿನಲ್ಲಿ ಅವಳ ಹೆಸರಿದೆಯೇ?